ಗಾಳಿ ಎಂದು ಬರೆದುಕೊಂಡದ್ದು

ಗಿಡ ಅಳುತ್ತದೆ. ಇದನ್ನು ಮೊದಲು ಒಪ್ಪಿಕೊಂಡುಬಿಡಿ, ಆಮೇಲೆ ನನ್ನ ಸಿಟ್ಟಿನ ವಿಚಾರ ಮಾತಾಡೋಣ.

ನಾನು ದ್ರೌಪದಿ ಹೊಂಬಳ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದಕ್ಕೆ ಓಣಿಯವರೆಲ್ಲ ಇನ್ನೂ ‘ಅಕ್ಕೋರು’ ಎನ್ನುತ್ತಾರೆ. ಹಾಗಾಗಿ ಪಾಠವನ್ನು ಚುಟುಕಾಗಿ ಮುಗಿಸುತ್ತೇನೆ. ಬೇರಿನಿಂದ ಎಲೆಯವರೆಗೆ ಗಿಡದೊಳಗೆ ನೀರು ಸಣ್ಣ ಎಳೆಗಳಾಗಿ ಏರುತ್ತದೆ. ಮಣ್ಣು ಒಣಗಿದರೆ ಆ ಎಳೆ ಬಿಗಿದು ಬಿಗಿದು ಕಡೆಗೆ ಪಟ್ಟನೆ ಕಡಿಯುತ್ತದೆ. ಕಡಿದಾಗ ‘ಟಕ್’ ಎಂದು ಒಂದು ಸದ್ದು. ಅದು ನಮ್ಮ ಕಿವಿಗೆ ಕೇಳುವಷ್ಟು ದಪ್ಪ ಸದ್ದಲ್ಲ, ಬಾವಲಿಗೆ ಕೇಳೀತು. ಬಾಯಾರಿದ ಗಿಡ ತಾಸಿಗೆ ಮೂವತ್ತು ನಲವತ್ತು ಸಲ ಹಾಗೆ ಟಕ್ ಟಕ್ ಎನ್ನುತ್ತದೆ. ನೀರು ಕುಡಿದು ತಂಪಾಗಿರುವ ಗಿಡ ಸುಮ್ಮನಿರುತ್ತದೆ.

ಆ ಸದ್ದನ್ನು ಹಿಡಿಯುವ ಗೂಟವೊಂದನ್ನು ಯಾರೋ ಕಂಡುಹಿಡಿದರು. ಕಂಡುಹಿಡಿದವರ ಮೇಲೆ ನನಗೆ ಸಿಟ್ಟಿಲ್ಲ. ಊರಿನ ನೀರನ್ನೆಲ್ಲ ಆ ಗೂಟದ ಕೈಗೆ ಕೊಟ್ಟರಲ್ಲ, ಅವರ ಮೇಲೆ ಸಿಟ್ಟು. ಯೋಜನೆಗೆ ‘ಜಲಕರ್ಣ’ ಎಂದು ಹೆಸರಿಟ್ಟರು. ಪಾರ್ಕು, ತೋಟ, ರಸ್ತೆಬದಿಯ ಮರ, ಎಲ್ಲದರ ಬುಡಕ್ಕೂ ಒಂದು ಕಿವಿಗೂಟ ಬಂತು. ಎಲ್ಲಿ ಗಿಡ ಕೂಗುತ್ತದೋ ಅಲ್ಲಿನ ವಾಲ್ವ್ ತಾನಾಗಿಯೇ ತೆರೆಯುತ್ತದೆ, ಕೂಗದಿದ್ದರೆ ಇಲ್ಲ. ಇನ್ನು ಒಂದು ಹನಿಯೂ ಪೋಲಾಗದು ಎಂದು ಉದ್ಘಾಟನೆಯ ದಿನ ಮೈಕಿನಲ್ಲಿ ಮೂರು ಸಲ ಹೇಳಿದರು. ನಾನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಥೂ.

ನಮ್ಮದು ಕಪ್ಪತಗುಡ್ಡ ದೂರದಲ್ಲಿ ಕಾಣುವ ಊರು. ನೇಕಾರ ಓಣಿಯ ಹಿಂದೆ, ಮುಚ್ಚಿಹೋದ ಹತ್ತಿ ಮಿಲ್ಲಿನ ಬಯಲಿನಲ್ಲಿ ನಮ್ಮ ತೋಟ. ಮೂವತ್ತು ಮನೆಯವರು ಸೇರಿ ಮಾಡುವ ತೋಟ. ಕೂಲಿಯಿಲ್ಲ, ಯಜಮಾನನಿಲ್ಲ. ಭಾನುವಾರ ಬೆಳಿಗ್ಗೆ ಯಾರಿಗೆ ಕೈ ಖಾಲಿಯೋ ಅವರು ಬಂದು ಕಳೆ ಕೀಳುತ್ತಾರೆ, ಪಾತಿ ಕಟ್ಟುತ್ತಾರೆ, ಬುಟ್ಟಿಯಲ್ಲಿ ಸಿಕ್ಕಿದ್ದನ್ನು ಹಂಚಿಕೊಂಡು ಹೋಗುತ್ತಾರೆ. ಜೂನಿನ ಮಿರಗ ಮಳೆಗೆ ಬಿತ್ತನೆ, ಶ್ರಾವಣದಲ್ಲಿ ಪುಂಡಿಪಲ್ಯ, ಚಳಿಗೆ ಮೆಂತ್ಯ, ಮೂಲಂಗಿ, ಬೇಸಿಗೆಗೆ ಚವಳಿಕಾಯಿ. ವರ್ಷವಿಡೀ ಮುಳಗಾಯಿ.

ಮುಳಗಾಯಿ ಅಂದರೆ ಬದನೆ. ನಮ್ಮದು ಸಾಮಾನ್ಯ ಬದನೆಯಲ್ಲ, ತುಳಜವ್ವನ ಬದನೆ. ಅರುವತ್ತು ವರ್ಷದ ಹಿಂದೆ ಆಕೆ ಮದುವೆಯಾಗಿ ಈ ಓಣಿಗೆ ಬರುವಾಗ ತವರಿನಿಂದ ಸೆರಗಿನ ಗಂಟಿನಲ್ಲಿ ತಂದ ಬೀಜ. ಗುಂಡಗೆ, ತೊಟ್ಟಿನ ತುಂಬ ಮುಳ್ಳು. ಎಣ್ಣೆಗಾಯಿ ಮಾಡಿದರೆ ಪಕ್ಕದ ಮನೆಯವರು ಬಟ್ಟಲು ಹಿಡಿದು ಬರಬೇಕು, ಹಾಗೆ. ಬೀಜಕ್ಕೆ ಬಿಡುವ ಗಿಡಕ್ಕೆ ತುಳಜವ್ವ ಮಗ್ಗದಲ್ಲಿ ಉಳಿದ ಕೆಂಪು ನೂಲು ಕಟ್ಟುತ್ತಿದ್ದಳು. ನೂಲು ಕಟ್ಟಿದ ಗಿಡವನ್ನು ಓಣಿಯ ಆಡುಗಳೂ ಮುಟ್ಟುತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಬಿಡಿ. ಕಾಯಿ ಹಳದಿಯಾಗಿ ಮಾಗಿದ ಮೇಲೆ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಗಡಿಗೆಯಲ್ಲಿ ಇಡುವಳು. ಮಿರಗದ ದಿನ ಆ ಗಡಿಗೆಯನ್ನು ಪೂರ್ತಿ ಬರಿದು ಮಾಡಿ ಮನೆಮನೆಗೆ ಹಂಚುವಳು. ಒಂದು ಬೀಜವನ್ನೂ ಉಳಿಸುವಂತಿಲ್ಲ. “ಹಳೇ ಬೀಜ ಮನಿಯಾಗ ಇಟ್ಕೊಂಡ್ರ ಹೊಸಾದು ಬರೂದಿಲ್ರಿ” ಎನ್ನುವಳು. ಇದು ವಿಜ್ಞಾನವಲ್ಲ, ಅಪಾಯ ಎಂದು ನಾನು ಹತ್ತು ಸಲ ಹೇಳಿದ್ದೇನೆ. ಕೇಳಬೇಕಲ್ಲ.

ಜಲಕರ್ಣ ಬರುವ ಮೊದಲು ತೋಟಕ್ಕೊಂದು ಬೋರ್‌ವೆಲ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಮಾಬುಸಾಬ, ಪಂಪು ರಿಪೇರಿಯವನು. ಯೋಜನೆಗೆ ಸೇರಬೇಕಾದರೆ ಬೋರ್ ಮುಚ್ಚಬೇಕು ಎಂದರು. ಮೂವತ್ತು ಮನೆಯವರೂ ಸಹಿ ಮಾಡಿದರು. ಸಹಿ ಮಾಡಿಸಿದವಳು ನಾನೇ.

ಮಳೆಗಾಲ ಏನೂ ಗೊತ್ತಾಗಲಿಲ್ಲ. ಸ್ವಾತಿ ಮಳೆ ಮುಗಿದು ಹಿಂಗಾರಿ ಗಾಳಿ ಶುರುವಾಯಿತು. ಒಂದು ಭಾನುವಾರ ಮಾಬುಸಾಬ ವಾಲ್ವಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

“ಅಕ್ಕೋರ, ಇದು ತೆರೀವಲ್ದು ನೋಡ್ರಿ. ಹದಿನೈದ ದಿನ ಆತು.”

“ಕೆಟ್ಟೈತೇನು?”

“ಕೆಟ್ಟಿಲ್ರಿ. ದೀಪ ಹಸರ ಐತಿ. ಎಲ್ಲಾ ಛಲೋ ಐತಿ ಅಂತ ತೋರಸಾಕತ್ತೈತಿ.”

ಮೆಂತ್ಯ ಹೋಯಿತು. ಮೂಲಂಗಿ ಬೆರಳಷ್ಟಾಗಿ ನಾರು ನಾರಾಯಿತು. ದೂರು ಕೊಟ್ಟೆವು, ‘ಸ್ವೀಕರಿಸಲಾಗಿದೆ’ ಎಂದು ಮೆಸೇಜ್ ಬಂತು. ಮತ್ತೆ ದೂರು ಕೊಟ್ಟೆವು, ಮತ್ತೆ ಸ್ವೀಕರಿಸಿದರು. ಸ್ವೀಕರಿಸುವುದರಲ್ಲಿ ಅವರದು ಎತ್ತಿದ ಕೈ. ಶಿವರಾತ್ರಿಯ ಹೊತ್ತಿಗೆ ತೋಟದಲ್ಲಿ ಜೀವ ಇದ್ದದ್ದು ಕೆಂಪು ನೂಲು ಕಟ್ಟಿದ ಒಂಬತ್ತು ಬದನೆ ಗಿಡಗಳಿಗೆ ಮಾತ್ರ. ನಮ್ಮ ಓಣಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ತುಳಜವ್ವ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಕೂಡಿಟ್ಟು, ಬಗ್ಗಿದ ಸೊಂಟದ ಮೇಲೆ ಕೊಡ ಇಟ್ಟುಕೊಂಡು ತಂದು ಅವನ್ನು ಉಳಿಸಿಕೊಂಡಿದ್ದಳು. ಒಂದು ದಿನ ಆಕೆಯ ಮನೆಗೆ ಹೋದಾಗ ನೋಡಿದೆ: ಎಪ್ಪತ್ತಾರರ ಮುದುಕಿ ಒಂದು ತಂಬಿಗೆ ನೀರಿನಲ್ಲಿ ಸ್ನಾನ ಮುಗಿಸಿ, ಆ ನೀರನ್ನೂ ಅಗಲ ಪರಾತದ ತಟ್ಟೆಗೆ ಹಿಡಿದಿದ್ದಳು.

“ಬೀಜ ಇಲ್ರಿ ಅಕ್ಕೋರ. ಗಡಗಿ ಬರಿದೈತಿ. ಇವು ಒಂಬತ್ತು ಹೋದ್ರ ಮುಗೀತು” ಎಂದಳು. ಅಳಲಿಲ್ಲ. ಅಳುವುದು ಆಕೆಗೆ ರೂಢಿಯಿಲ್ಲ.

ನನ್ನ ತಲೆ ಕೆಟ್ಟುಹೋಯಿತು. ಸೀದಾ ಆಟೋ ಹತ್ತಿ ಜಲಕರ್ಣದ ಕಂಟ್ರೋಲ್ ರೂಮಿಗೆ ಹೋದೆ.

ಅಲ್ಲಿ ತಂಪೋ ತಂಪು. ಗೋಡೆಯ ತುಂಬ ಊರಿನ ನಕ್ಷೆ, ಹಸಿರು ಕೆಂಪು ಚುಕ್ಕೆಗಳು. ಮುಖ್ಯ ಎಂಜಿನಿಯರು ಇಂದುಧರ ಎಂಬ ತುಮಕೂರು ಕಡೆಯ ಮನುಷ್ಯ, ನಲವತ್ತರ ಆಸುಪಾಸು. ಮರ್ಯಾದೆಯಿಂದಲೇ ಕುರ್ಚಿ ಎಳೆದುಕೊಟ್ಟ. ಅದಕ್ಕೂ ನನಗೆ ಸಿಟ್ಟು ಬಂತು.

“ನಿಮ್ಮ ತೋಟಕ್ಕೆ ತೊಂದರೆ ಇಲ್ಲ ಮೇಡಂ. ನೋಡಿ, ‘ಸಹಿಷ್ಣು ತಳಿ’ ಅಂತ ಬರ್ತಿದೆ. ನೀರಿಲ್ಲದೇನೇ ಇರಬಲ್ಲ ಗಿಡಗಳು. ಇಡೀ ಊರಲ್ಲಿ ಇಂಥ ತೋಟ ಕಮ್ಮಿ. ಹೆಮ್ಮೆಪಡಬೇಕು ನೀವು.”

“ಸಾಯಾಕತ್ತಾವ್ರಿ ಅವು!”

“ಸಾಯ್ತಿದ್ರೆ ಕೂಗಬೇಕಿತ್ತಲ್ಲ ಮೇಡಂ.”

“ಕೂಗಿಲ್ಲಂತ ಹೆಂಗ ಹೇಳ್ತೀರಿ? ಗೂಟ ಏನ ಕೇಳೇತಿ, ಅದನ್ನ ತಗೀರಿ, ನೋಡೂಣು.”

ಅವನು ನಮ್ಮ ತೋಟದ ದಾಖಲೆ ತೆರೆದ. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ನಾಲ್ಕು ತಿಂಗಳಲ್ಲಿ ನಮ್ಮ ಗೂಟಗಳು ಎಂಬತ್ತಾರು ಸಾವಿರ ಸಲ ‘ಟಕ್’ ಎಂಬುದನ್ನು ಕೇಳಿಸಿಕೊಂಡಿದ್ದವು. ಒಂದೊಂದರ ಮುಂದೆಯೂ ಯಂತ್ರ ಏನೆಂದು ಬರೆದುಕೊಂಡಿತ್ತು ಗೊತ್ತೇ? ಗಾಳಿ. ಗಾಳಿ. ಹುಳು. ಗಾಳಿ. ಗಾಳಿ.

“ಯಾಕ್ರಿ ಇದು ಗಾಳಿ?”

ಅವನು ವಿವರಿಸಿದ. ತಳಿ ತಳಿಗೂ ಕೂಗು ಬೇರೆ. ಆದ್ದರಿಂದ ಮೊದಲು ಗಿಡಗಳನ್ನು ಆರು ದಿನ ಒಣಗಿಸಿ, ಏಳನೆಯ ದಿನ ಉಪಕರಣ ತಂದು ಅವು ಹೇಗೆ ಕೂಗುತ್ತವೆ ಎಂದು ಯಂತ್ರಕ್ಕೆ ಪಾಠ ಹೇಳುತ್ತಾರೆ. ಹಿಂದಿನ ವೈಶಾಖದಲ್ಲಿ ನಮ್ಮ ತೋಟದಲ್ಲೂ ಆ ಪರೀಕ್ಷೆ ನಡೆದಿತ್ತು. ಆರು ದಿನ ನೀರಿಲ್ಲದ ನಮ್ಮ ಗಿಡಗಳು ಅಂದು ಮೂರು ತಾಸಿನಲ್ಲಿ ಒಂದೇ ಒಂದು ಸಲವೂ ಕೂಗಲಿಲ್ಲ. ಅಲ್ಲಿಗೆ ಯಂತ್ರ ಕಲಿಯಿತು: ಈ ಗಿಡಗಳು ಬಾಯಾರಿದರೂ ಕೂಗುವುದಿಲ್ಲ, ಹಾಗಾಗಿ ಇಲ್ಲಿಂದ ಯಾವ ಸದ್ದು ಬಂದರೂ ಅದು ಗಿಡದ್ದಲ್ಲ.

“ಸುಳ್ಳು” ಎಂದೆ. “ಕೂತಲ್ಲೇ ಬರದ್ದು ಇದು. ನೀವು ಪರೀಕ್ಷೆ ಮಾಡೇ ಇಲ್ಲ.”

“ಮೇಡಂ, ಆರು ದಿನ ನೀರು ಹಾಕಿಲ್ಲ ಅಂತ ಸಾಕ್ಷಿ ಸಹಿ ನಿಮ್ಮದೇ ಇದೆ.”

“ನನ್ನ ಸಹಿ ಖರೇ ಐತಿ. ನಿಮ್ಮ ಲೆಕ್ಕ ಖೊಟ್ಟಿ ಐತಿ!”

ಆ ತಣ್ಣನೆಯ ಕೋಣೆಯಲ್ಲಿದ್ದ ಹತ್ತೂ ಜನ ತಿರುಗಿ ನೋಡುವಂತೆ ಕೂಗಾಡಿದೆ. ಕಳ್ಳ ಎಂದೆ. ತಂಪಿನಲ್ಲಿ ಕೂತು ಬಡವರ ತೋಟ ಒಣಗಿಸುವ ನೀಚ ಎಂದೆ. ಮನೆಗೆ ಬಂದು ನಾಲ್ಕು ಪುಟದ ದೂರು ಬರೆದು ಮೇಲಿನವರಿಗೆ ಕಳಿಸಿದೆ. ನನ್ನ ಅಕ್ಷರ ಚೆನ್ನಾಗಿದೆ, ಸಿಟ್ಟಿನಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ. ವಾರದೊಳಗೆ ಇಂದುಧರನನ್ನು ಆ ಕುರ್ಚಿಯಿಂದ ಎಬ್ಬಿಸಿ ಪೈಪು ಒಡೆದಲ್ಲಿ ಗುಂಡಿ ತೋಡಿಸುವ ಕೆಲಸಕ್ಕೆ ಹಾಕಿದರು. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಹೌದು, ಆಯಿತು. ಸುಳ್ಳು ಯಾಕೆ ಹೇಳಲಿ.

ಆ ಖುಷಿಯನ್ನು ಹೇಳಲಿಕ್ಕೆಂದೇ ತುಳಜವ್ವನ ಮನೆಗೆ ಹೋದೆ. ಮಾಬುಸಾಬನೂ ಮಗ್ಗದ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ನಾನು ಪರೀಕ್ಷೆಯ ಕಥೆಯನ್ನೆಲ್ಲ ಕೈ ಬೀಸಿ ಬೀಸಿ ಹೇಳಿದೆ. ಆರು ದಿನ ನೀರಿಲ್ಲದೆ ಒಣಗಿದ ಗಿಡ ಕೂಗಲಿಲ್ಲವಂತೆ, ಎಂಥ ಬಂಡಲ್ ನೋಡು ಎಂದೆ. ತುಳಜವ್ವ ಮಗ್ಗದಲ್ಲಿ ಲಾಳಿ ಎಸೆಯುವುದನ್ನು ನಿಲ್ಲಿಸಿದಳು.

“ಆ ದಿನ ಮುಂಜಾನೆ ನಾ ಒಂದು ಕೊಡ ಹಾಕಿದ್ನೆಲ್ರಿ ಅಕ್ಕೋರ.”

“ಏನಂದಿ?”

“ದೊಡ್ಡ ದೊಡ್ಡ ಸಾಹೇಬ್ರು ನೋಡಾಕ ಬರೂರಿದ್ರು. ಬಾಡಿದ ಗಿಡ ಹೆಂಗ ತೋರಸೂದು? ಮನಿಗೆ ಮಂದಿ ಬರ್ತಾರಂದ್ರ ಹುಡುಗ್ರ ಮಾರಿ ತೊಳಿಯೂದಿಲ್ಲೇನ್ರಿ? ಹಾಕಿ, ಮ್ಯಾಲ ಒಣಾ ಮಣ್ಣು ಎಳದೆ. ಒಂದ ಕೊಡದಾಗ ಏನಾಗ್ತೈತಿ ಅಂತ...”

ಮಾಬುಸಾಬ ಚಹಾದ ಕಪ್ಪನ್ನು ಕೆಳಗಿಟ್ಟ. “ನಾನೂ ಹಾಕಿದ್ನಿ” ಎಂದ. “ಹಿಂದಿನ ದಿನ ಸಂಜೀಕೆ. ನಾ ಒಬ್ಬವನ ಅಂತ ತಿಳ್ಕೊಂಡಿದ್ನಿ.”

ಆಮೇಲೆ ಓಣಿಯಲ್ಲಿ ಕೇಳುತ್ತ ಹೋದೆವು. ಒಬ್ಬರು ತಲೆ ಕೆರೆದುಕೊಂಡರು, ಒಬ್ಬರು ನಕ್ಕರು, ಒಬ್ಬಾಕೆ ಬಾಗಿಲ ಹಿಂದೆ ಹೋದಳು. ಮೂವತ್ತು ಮನೆಯಲ್ಲಿ ಇಪ್ಪತ್ತಾರು ಮನೆಯವರು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಕದ್ದು, ಒಂದೊಂದೇ ಕೊಡ. ಅಂದು ಆ ಗಿಡಗಳು ತಮ್ಮ ಜನ್ಮದಲ್ಲೇ ಅಷ್ಟು ನೀರು ಕುಡಿದಿರಲಿಲ್ಲ. ಎಲ್ಲಿಂದ ಕೂಗುತ್ತವೆ?

ಆ ಇಪ್ಪತ್ತಾರರಲ್ಲಿ ನನ್ನ ಮನೆಯೂ ಇತ್ತು. ನಾನು, ವಿಜ್ಞಾನದ ಅಕ್ಕೋರು, ಆರು ದಿನ ನೀರು ಹಾಕಿಲ್ಲ ಎಂದು ಸಹಿ ಮಾಡುವ ಅರ್ಧ ತಾಸು ಮೊದಲು ತೋಟದ ಮೂಲೆಯ ಗಿಡಕ್ಕೆ ಒಂದು ಬಕೆಟ್ ಸುರಿದು, ಒಂದು ಗಿಡದಿಂದ ಏನಾಗುತ್ತದೆ ಎಂದುಕೊಂಡಿದ್ದೆ. ಮಕ್ಕಳು ಪ್ರಯೋಗದಲ್ಲಿ ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಷ್ಟು ದಿನ ಅದನ್ನು ಮರೆತಿದ್ದೆನೇ? ಇಲ್ಲ. ನೆನಪಾದಾಗಲೆಲ್ಲ ಇನ್ನಷ್ಟು ಜೋರಾಗಿ ಕೂಗಾಡಿದ್ದೆ, ಅಷ್ಟೇ.

ಹಾಗೆಂದು ಅವರ ತಪ್ಪು ಇಲ್ಲವೆಂದಲ್ಲ. ಆ ದಿನ ಆರು ಜನ ಬಂದಿದ್ದರು. ಒಬ್ಬನೂ ಬಗ್ಗಿ ಎರಡು ಬೆರಳಿನಷ್ಟು ಮಣ್ಣು ಕೆದರಿ ನೋಡಲಿಲ್ಲ. ಲಕ್ಷ ಸದ್ದು ಹಿಡಿಯುವ ಉಪಕರಣ ಕೈಯಲ್ಲಿದ್ದವರಿಗೆ ಮಣ್ಣು ಮುಟ್ಟುವ ದರ್ದು ಏನು?

ಇಂದುಧರ ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಹಿಂದಿನ ಗುಂಡಿಯೊಂದರ ಪಕ್ಕ, ಪ್ಯಾಂಟಿಗೆಲ್ಲ ಕೆಸರು. ಎಲ್ಲ ಹೇಳಿದೆ. ದೂರು ವಾಪಸ್ ಪಡೆಯುತ್ತೇನೆ ಎಂದೆ. ಕ್ಷಮಿಸಿ ಎಂದೆ. ಆ ಶಬ್ದ ನನ್ನ ಬಾಯಿಂದ ಬಂದಾಗ ಬೈದ ಹಾಗೇ ಕೇಳಿಸಿರಬೇಕು, ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಮಣ್ಣು ನಾನೂ ನೋಡಲಿಲ್ಲ ಮೇಡಂ” ಎಂದ. “ನೋಡಬೇಕಿತ್ತು.”

“ಆತಲ್ಲ, ಈಗ ವಾಲ್ವ್ ತೆರೀರಿ.”

“ಕೈಯಲ್ಲಿ ತೆರೆಯೋಕೆ ಬಿಡಲ್ಲ. ಮರುಪರೀಕ್ಷೆ ಆಗಬೇಕು. ಆರು ದಿನ ಒಣಗಿಸಬೇಕು, ಈ ಸಲ ಆರೂ ದಿನ ಗೂಟ ಕೇಳಿಸಿಕೊಳ್ತಿರುತ್ತೆ. ಕೂಗು ದಾಖಲಾದರೆ ಏಳನೇ ದಿನ ನೀರು.”

“ಸಾಯಾಕತ್ತಿದ್ದನ್ನ ಮತ್ತ ಆರು ದಿನ ಒಣಗಸೂದು? ಬಾಯಾರಿದ್ದು ಖರೇನ ಅಂತ ತೋರಸಾಕ?”

“ಹೌದು ಮೇಡಂ.” ಅವನಿಗೂ ನಾಚಿಕೆಯಾಗಿತ್ತು. ನಾಚಿಕೆಯಿಂದ ವಾಲ್ವ್ ತೆರೆಯುವುದಿಲ್ಲವಲ್ಲ.

ದೂರು ವಾಪಸ್ ಪಡೆದು, ಅವನು ಕುರ್ಚಿಗೆ ಮರಳಿ, ಪರೀಕ್ಷೆಗೆ ಒಪ್ಪಿಗೆ ಸಿಗುವಷ್ಟರಲ್ಲಿ ಚೈತ್ರ ಕಳೆಯಿತು. ಒಂಬತ್ತು ಗಿಡದಲ್ಲಿ ಬೀಜದ ಕಾಯಿಗಳು ಆಗಷ್ಟೇ ಹಳದಿಗೆ ತಿರುಗುತ್ತಿದ್ದವು. ಇನ್ನೆರಡು ವಾರ ನೀರು ಸಿಕ್ಕರೆ ಮಾಗುತ್ತಿದ್ದವು. ಓಣಿಯವರನ್ನೆಲ್ಲ ಕೂಡಿಸಿ ಹೇಳಿದೆ: ಈ ಸಲ ಯಾರೂ ಒಂದು ಹನಿಯನ್ನೂ ಹಾಕಕೂಡದು. ಹಾಕಿದರೆ ತೋಟ ಎಂದೆಂದಿಗೂ ‘ಸಹಿಷ್ಣು’ ಆಗಿ ಉಳಿಯುತ್ತದೆ. ಎಲ್ಲರೂ ತಲೆಯಾಡಿಸಿದರು. ನನಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ, ನನ್ನ ಮೇಲಂತೂ ಇಲ್ಲವೇ ಇಲ್ಲ. ಮುಂಜಾನೆಯಿಂದ ಸಂಜೆಯವರೆಗೆ ತೋಟದ ಬಾಗಿಲಲ್ಲಿ ನಾನೇ ಕುರ್ಚಿ ಹಾಕಿಕೊಂಡು ಕೂತೆ, ಕತ್ತಲಾದ ಮೇಲೆ ಮಾಬುಸಾಬ ಬೀಗ ಹಾಕುತ್ತಿದ್ದ.

ಇಂದುಧರ ಈ ಸಲ ತಾನೇ ಬಂದು ಮಣ್ಣು ಕೆದರಿ ನೋಡಿದ. ಒಂದು ಸಣ್ಣ ಪೆಟ್ಟಿಗೆಯನ್ನೂ ಇಟ್ಟುಹೋದ. ಗಿಡದ ಸದ್ದನ್ನು ನಮ್ಮ ಕಿವಿಗೆ ಕೇಳುವಷ್ಟು ದಪ್ಪ ಮಾಡುವ ಸ್ಪೀಕರು. ಮೊದಲ ದಿನ ಅದರಲ್ಲಿ ಆಗೊಂದು ಈಗೊಂದು ಟಕ್. ಮೂರನೆಯ ದಿನ ಬಿಸಿಲೇರಿದ ಮೇಲೆ ನಿಲ್ಲಲೇ ಇಲ್ಲ. ಟಕ್. ಟಕ್ ಟಕ್. ಟಕ್. ನಾನು ನೋಟುಬುಕ್ಕಿನಲ್ಲಿ ಗೆರೆ ಎಳೆದು ಎಳೆದು ಲೆಕ್ಕ ಇಟ್ಟೆ. ನನ್ನೊಳಗೆ ಏನು ಕುದಿಯುತ್ತಿತ್ತು ಎಂದರೆ, ಆ ಪೆಟ್ಟಿಗೆಯನ್ನು ಎತ್ತಿ ಕಂಟ್ರೋಲ್ ರೂಮಿನ ಗಾಜಿಗೆ ಎಸೆಯಬೇಕು ಅನಿಸುತ್ತಿತ್ತು.

ಐದನೆಯ ದಿನ ಬೆಳಗಿನ ಏಳಕ್ಕೆ ತುಳಜವ್ವ ಬಂದಳು. ಸೊಂಟದ ಮೇಲೆ ಕೊಡ.

“ತುಳಜವ್ವ, ಬ್ಯಾಡ.”

ಆಕೆ ನನ್ನನ್ನು ದಾಟಿ ಒಳಗೆ ಹೋದಳು. ಎಂಟು ಗಿಡ ತಲೆ ಚೆಲ್ಲಿದ್ದವು. ಆಕೆ ಕೊನೆಯ ಗಿಡದ ಮುಂದೆ ನಿಂತು ಸ್ಪೀಕರಿನ ಸದ್ದು ಕೇಳಿದಳು.

“ಇದೇನ್ರಿ ಇದು?”

“ಗಿಡದ ಸಪ್ಪಳ. ಒಳಗ ನೀರಿನ ಎಳಿ ಕಡಿಯಾಕತ್ತಾವು.”

“ಎಳಿ ಕಡದ್ರ ನಾವು ಮಗ್ಗ ನಿಂದರಸ್ತೀವ್ರಿ. ನಿಂದರಿಸಿ ಮೊದಲ ಗಂಟ ಹಾಕ್ತೀವಿ.” ಆಕೆ ನನ್ನ ಕೈಯಲ್ಲಿದ್ದ ನೋಟುಬುಕ್ ನೋಡಿದಳು. “ನೀವೇನ್ ಮಾಡಾಕತ್ತೀರಿ? ಎಣಸಾಕತ್ತೀರಿ?”

ಕೊಡ ಬಗ್ಗಿಸಿದಳು. ನಾನು ಓಡಿಹೋಗಿ ಆಕೆಯ ಮಣಿಕಟ್ಟು ಹಿಡಿದೆ. ಬರೀ ಎಲುಬು. ಬಿಡಲಿಲ್ಲ. ಆಕೆಯೂ ಬಿಡಲಿಲ್ಲ. ಇಬ್ಬರು ಮುದುಕಿಯರು ಒಂದು ಕೊಡಕ್ಕೆ ಜಗ್ಗಾಡುವುದನ್ನು ಯಾರೂ ನೋಡಲಿಲ್ಲ, ಪುಣ್ಯ.

“ಇನ್ನೊಂದ ದಿನ ಯವ್ವಾ. ನಾಳೆ ಒಂದ ದಿನ. ಈಗ ಹಾಕಿದ್ರ ಮತ್ತ ಗಾಳಿ ಅಂತ ಬರೀತಾರ.”

“ನನಗ ಕೇಳಸಾಕತ್ತೈತ್ರಿ.”

“ನನಗೂ ಕೇಳಸಾಕತ್ತೈತಿ!” ಎಂದು ಚೀರಿದೆ. ಅತ್ತೂ ಬಿಟ್ಟೆ. ಸಿಟ್ಟಿನಲ್ಲಿ ಅಳು ಬಂದರೆ ನನಗೆ ಮೂಗು ಸೋರುತ್ತದೆ, ಅದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ತುಳಜವ್ವ ಗಿಡ ಬಿಟ್ಟು ತೋಟದ ಬಾಗಿಲಿನವರೆಗೆ ನಡೆದು ಬಂದಳು. ಬಾಗಿಲ ಹೊರಗೆ ನನ್ನನ್ನು ನಿಲ್ಲಿಸಿದಳು. ಕೊಡದ ನೀರನ್ನೆಲ್ಲ ನಿಧಾನವಾಗಿ ನನ್ನ ಎರಡೂ ಪಾದಗಳ ಮೇಲೆ ಸುರಿದಳು. ನಮ್ಮ ಕಡೆ ಮನೆಗೆ ಹೊರಗಿನವರು ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತೇವೆ. ಇಪ್ಪತ್ತೆರಡು ವರ್ಷ ಆಕೆಯ ಪಕ್ಕದಲ್ಲಿ ಕೂತು ಕಳೆ ಕಿತ್ತವಳು ನಾನು.

“ಬರ್ರಿ” ಎಂದಳು. “ನೀವೂ ನೋಡಾಕ ಬಂದವರ ಆದ್ರಿ.”

ಖಾಲಿ ಕೊಡ ಎತ್ತಿಕೊಂಡು ಹೊರಟುಹೋದಳು.

ಏಳನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ವಾಲ್ವ್ ತೆರೆಯಿತು. ಮಾಬುಸಾಬ ಪೈಪಿಗೆ ಕೈ ಹಿಡಿದು ನೀರು ಬಂದದ್ದನ್ನು ನೋಡಿಕೊಂಡ. ಒಂಬತ್ತರಲ್ಲಿ ಏಳು ಗಿಡ ಆ ಹೊತ್ತಿಗೆ ಸತ್ತಿದ್ದವು. ಅವುಗಳ ಕಾಯಿ ಸುಕ್ಕಿ ಬೀಜ ಜೊಳ್ಳಾಗಿತ್ತು. ಎರಡು ಚೇತರಿಸಿಕೊಂಡವು. ಒಂದರಲ್ಲಿ ಎರಡು ಕಾಯಿ, ಇನ್ನೊಂದರಲ್ಲಿ ಒಂದು.

ನಾನು ಕಂಟ್ರೋಲ್ ರೂಮಿಗೆ ಹೋದೆ. ನಮ್ಮ ಚುಕ್ಕೆಯ ಮೇಲಿದ್ದ ‘ಸಹಿಷ್ಣು’ ಎಂಬ ಪದ ಹೋಗಿತ್ತು.

“ಊರಾಗ ಇನ್ನ ಎಷ್ಟು ತೋಟ ಐತಿ, ಸಹಿಷ್ಣು ಅಂತ?” ಎಂದು ಕೇಳಿದೆ.

ಇಂದುಧರ ಹುಡುಕಿ ಹೇಳಿದ. “ಹದಿನಾಲ್ಕು.”

“ಅವೆಲ್ಲಾ ಯಾವ ಓಣಿಯಾಗ ಅದಾವ?”

ಅವನು ಓದಿದ. ಹಮಾಲರ ಓಣಿ, ಕುಂಬಾರಗೇರಿ, ರೈಲ್ವೆ ಗೇಟಿನ ಆಚೆಯದು, ಪೌರಕಾರ್ಮಿಕರ ಕಾಲೊನಿ. ದೊಡ್ಡ ಬಂಗಲೆಗಳ ಕಡೆಯದು ಒಂದೂ ಇರಲಿಲ್ಲ. ಅವರು ಬರುವ ಸಾಹೇಬರಿಗೆ ಅಂಜಿ, ಕದ್ದು ನೀರು ಹಾಕಿ, ಗಿಡದ ಮುಖ ತೊಳೆದವರಲ್ಲ. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು. ಪಟ್ಟಿ ಬರೆದುಕೊಡು ಎಂದೆ. ಬರೆದುಕೊಟ್ಟ, ನಾನೂ ಬರುತ್ತೇನೆ ಎಂದ. ಬಂದರೆ ಮಣ್ಣು ಮುಟ್ಟಬೇಕು ಎಂದೆ.

ಮಿರಗದ ದಿನ ಮಳೆ ಹನಿಯಿತು. ವಾಡಿಕೆಯಂತೆ ಓಣಿಯವರು ತುಳಜವ್ವನ ಮಗ್ಗದ ಮುಂದೆ ಸೇರಿದರು. ಐದನೆಯ ದಿನದ ನಂತರ ಆಕೆ ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ನಾನು ಬಾಗಿಲ ಹತ್ತಿರ ಹಿಂದೆ ನಿಂತೆ. ಮೂರು ಕಾಯಿಯ ಬೀಜ, ಗಡಿಗೆಯ ತಳವೂ ಮುಚ್ಚಿರಲಿಲ್ಲ. ಆಕೆ ಚಿಟಿಕೆ ಚಿಟಿಕೆಯಾಗಿ ಮನೆಗೊಂದರಂತೆ ಕೊಡುತ್ತ ಬಂದಳು. ಇಪ್ಪತ್ತೊಂಬತ್ತು ಮನೆಯಾಯಿತು. ಗಡಿಗೆಯಲ್ಲಿ ಇನ್ನೂ ಸ್ವಲ್ಪ ಇತ್ತು. ಆಕೆ ತಲೆಯೆತ್ತಿ ನನ್ನನ್ನು ನೋಡಿದಳು.

“ಯಾಕ, ಹೊರಗ ನಿಂತ್ರಿ?”

ಒಳಗೆ ಹೋಗಿ ಅಂಗೈ ಒಡ್ಡಿದೆ. ಆಕೆ ಗಡಿಗೆ ಬೋರಲು ಹಾಕಿ, ತಳಕ್ಕೆ ಎರಡು ಸಲ ಬಡಿದು, ಉಳಿದದ್ದನ್ನೆಲ್ಲ ನನ್ನ ಕೈಗೆ ಸುರಿದಳು. ಬೂದಿ ಮೆತ್ತಿದ ಸಣ್ಣ ಬೀಜಗಳು. ನನ್ನ ಬೆರಳುಗಳನ್ನು ತಾನೇ ಮಡಚಿ ಮುಚ್ಚಿದಳು. ಅಂದು ನಾನು ಬಿಡದೆ ಹಿಡಿದಿದ್ದ ಅದೇ ಮಣಿಕಟ್ಟು, ನನ್ನ ಕಣ್ಣ ಮುಂದೆ.

“ಅಕ್ಕೋರ, ಒಂದ ಮಾತು” ಎಂದಳು. “ಇನ್ನ ಮ್ಯಾಲ ಮಂದಿ ನೋಡಾಕ ಬರೂದಿದ್ರ ನನಗ ಮೊದಲ ಹೇಳಬ್ಯಾಡ್ರಿ. ಕೈ ತಾನ ಕೊಡಕ್ಕ ಹೋಗ್ತೈತಿ.”

ಹೇಳುವುದಿಲ್ಲ ಎಂದೆ.